ಮೊಬೈಲ್ ಪ್ಲಾನ್ ಹೋಲಿಸುವುದು ಹೇಗೆ? ಕಣ್ಣಿಗೆ ಬೀಳದ ಖರ್ಚಿನ ಪೂರ್ತಿ ಲೆಕ್ಕ

ನಮ್ಮ ಮನೆಯಲ್ಲಿ ಐದು ಫೋನು. ಐದಕ್ಕೂ ಕರೆನ್ಸಿ ಹಾಕಿಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಬೆಂಗಳೂರಿನಲ್ಲಿ ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಅಪ್ಪ, ಅಮ್ಮ. ಬಹಳ ದಿನ ನಾನು ಮಾಡುತ್ತಿದ್ದದ್ದು ಇಷ್ಟೇ. 'ನಿಮ್ಮ ಪ್ಲಾನ್ ನಾಳೆ ಮುಗಿಯುತ್ತದೆ' ಎಂಬ ಮೆಸೇಜ್ ಬಂತೋ, ಹಳೇ ಪ್ಲಾನನ್ನೇ ಮತ್ತೆ ಒತ್ತುವುದು.

ಒಂದು ದಿನ ಅಮ್ಮ ಫೋನ್ ಮಾಡಿದರು. "ಮೊನ್ನೆ ತಾನೇ ನೂರು ರೂಪಾಯಿ ಹಾಕ್ಸಿದ್ಯಲ್ಲ ಮಾರಾಯ, ನಲವತ್ತೈದು ಅಂತ ತೋರಿಸ್ತಿದೆ. ನಾನು ಯಾರಿಗೂ ಜಾಸ್ತಿ ಮಾತಾಡಿಲ್ಲಪ್ಪ" ಎಂದರು. ಮಾತಿಗೆ, ನೆಟ್ಟಿಗೆ ಪ್ಯಾಕ್ ಬೇರೆ ಇತ್ತು, ಅದು ನಿಜ. ಬ್ಯಾಂಕಿನ ನಂಬರಿಗೆ, ಗ್ಯಾಸಿನವರಿಗೆ ಬೇಕಾದೀತು ಎಂದು ಮೇನ್ ಬ್ಯಾಲೆನ್ಸ್‌ಗೆ ನೂರು ರೂಪಾಯಿ ಹಾಕಿಸಿದ್ದೆ. ಅದು ಎಲ್ಲಿ ಹೋಯಿತು ಎಂದು ಹುಡುಕಲು ಕೂತವನು ಐದೂ ಫೋನುಗಳ ಒಂದು ವರ್ಷದ ಲೆಕ್ಕ ತೆಗೆದೆ. ಅಮ್ಮ ತಿಂಗಳಿಗೆ ಬಳಸುತ್ತಿದ್ದ ನೆಟ್ 2 ಜಿಬಿ. ನಾನು ಹಾಕಿಸುತ್ತಿದ್ದದ್ದು 42 ಜಿಬಿಯ ಪ್ಲಾನ್. ಯಾರೋ ಕದ್ದ ಕಾಸಿಗಿಂತ ನಾನೇ ಕೊಟ್ಟು ಬಿಟ್ಟ ಕಾಸು ಜಾಸ್ತಿ ಇತ್ತು.

ನಮ್ಮಲ್ಲಿ ಪ್ರೀಪೇಯ್ಡ್ ಪ್ಲಾನಿಗೆ ಬಿಲ್ಲು ಕೈಗೆ ಬರುವುದಿಲ್ಲ. ಹಾಗಾಗಿ 'ಹಿಡನ್ ಚಾರ್ಜ್' ಎಂದರೆ ಬಿಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಒಂದು ಸಾಲಲ್ಲ. ಅದು ಕಮ್ಮಿ ಕೊಟ್ಟ ದಿನಗಳಲ್ಲಿ ಇರುತ್ತದೆ, ಬಳಸದ ಡೇಟಾದಲ್ಲಿ ಇರುತ್ತದೆ. ನಾನು ಈಗ ನೋಡುವ ಕ್ರಮವನ್ನು ಹಾಗೇ ಇಲ್ಲಿ ಬರೆಯುತ್ತೇನೆ. ಒಂದು ಪೇಪರ್, ಪೆನ್ನು ಇಟ್ಟುಕೊಳ್ಳಿ.

ಹೆಜ್ಜೆ 1: ಪ್ಲಾನ್ ಬದಿಗಿಡಿ, ನಿಮ್ಮ ಬಳಕೆ ಅಳೆಯಿರಿ

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು 'ಡೇಟಾ ಯೂಸೇಜ್' ಎಂದು ಹುಡುಕಿ. ತಿಂಗಳಿಗೆ ಎಷ್ಟು ಮೊಬೈಲ್ ಡೇಟಾ ಖರ್ಚಾಗಿದೆ ಎಂದು ಬರುತ್ತದೆ. ವೈಫೈ ಲೆಕ್ಕ ಬೇರೆ, ಅದನ್ನು ಸೇರಿಸಬೇಡಿ. ಐಫೋನ್ ಆದರೆ ಒಂದು ಎಚ್ಚರ: ಅಲ್ಲಿನ ಲೆಕ್ಕ ತಿಂಗಳಿಗೊಮ್ಮೆ ತಾನಾಗಿ ಸೊನ್ನೆಗೆ ಬರುವುದಿಲ್ಲ. ಮೊಬೈಲ್ ಡೇಟಾ ಪುಟದ ತೀರಾ ಕೆಳಗೆ 'ರಿಸೆಟ್ ಸ್ಟ್ಯಾಟಿಸ್ಟಿಕ್ಸ್' ಇದೆ. ಅದನ್ನು ಇವತ್ತು ಒತ್ತಿ, ತಿಂಗಳು ಬಿಟ್ಟು ನೋಡಿ.

ತಿಂಗಳ ಒಟ್ಟು ಮೊತ್ತದ ಜೊತೆಗೆ ಅತಿ ಹೆಚ್ಚು ಬಳಸಿದ ದಿನ ಎಷ್ಟಾಯಿತು ಎಂದೂ ಬರೆದುಕೊಳ್ಳಿ. ಕಂಪನಿಯ ಆಪ್‌ನಲ್ಲಿ ದಿನವಾರು ಲೆಕ್ಕ ಸಿಗುತ್ತದೆ. 'ದಿನಕ್ಕೆ 1.5 ಜಿಬಿ' ಪ್ಲಾನಿನಲ್ಲಿ ಇವತ್ತು ಉಳಿದದ್ದು ರಾತ್ರಿ ಹನ್ನೆರಡಕ್ಕೆ ಹೋಯಿತು ಎಂದೇ ಅರ್ಥ. ವಿ (ವೊಡಾಫೋನ್ ಐಡಿಯಾ) ಕಂಪನಿಯ ಕೆಲವು ಪ್ಲಾನ್‌ಗಳಲ್ಲಿ ಮಾತ್ರ ವಾರದ ದಿನಗಳಲ್ಲಿ ಉಳಿದ ಡೇಟಾ ಶನಿವಾರ, ಭಾನುವಾರಕ್ಕೆ ಸಿಗುತ್ತದೆ. ನನ್ನ ಮಗಳು ವಾರವಿಡೀ ಕಾಲೇಜಿನ ವೈಫೈಯಲ್ಲಿ ಇರುತ್ತಾಳೆ. ಭಾನುವಾರ ಬಸ್ಸಿನಲ್ಲಿ ಕೂತರೆ 4 ಜಿಬಿ ಮುಗಿಸುತ್ತಾಳೆ. ಅವಳಿಗೆ ದಿನದ ಲೆಕ್ಕದ ಪ್ಲಾನ್ ಸರಿಹೊಂದುವುದಿಲ್ಲ.

ಇನ್ನೆರಡು ಸಾಲು ಬರೆಯಿರಿ. ನೀವು ಕಳಿಸುವ ಎಸ್ಸೆಮ್ಮೆಸ್ ಎಷ್ಟು? ಫೋನ್ ಜಾಸ್ತಿ ಹೊತ್ತು ಇರುವುದು ಎಲ್ಲಿ, ಮನೆಯಲ್ಲೋ, ಆಫೀಸಿನಲ್ಲೋ, ತೋಟದಲ್ಲೋ?

ಹೆಜ್ಜೆ 2: ಬೆಲೆಯನ್ನು ದಿನಗಳಿಂದ ಭಾಗಿಸಿ

ಎಲ್ಲಕ್ಕಿಂತ ದೊಡ್ಡ ಕಾಸು ಉಳಿಯುವುದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಾವು 'ತಿಂಗಳ ಪ್ಯಾಕ್' ಎನ್ನುವುದು ಬಹಳ ಸಲ 28 ದಿನದ್ದು. ವರ್ಷಕ್ಕೆ 365 ದಿನ. 28ರಿಂದ ಭಾಗಿಸಿದರೆ 13 ಬರುತ್ತದೆ. ಅಂದರೆ ಸಂಬಳ ಹನ್ನೆರಡು ಸಲ ಬರುತ್ತದೆ, ರೀಚಾರ್ಜ್ ಹದಿಮೂರು ಸಲ ಹೋಗುತ್ತದೆ. ಜನ ಈ ಬಗ್ಗೆ ದೂರಿದ ಮೇಲೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಪ್ಲಾನ್ ಇಡಬೇಕು, ಪ್ರತಿ ತಿಂಗಳು ಅದೇ ತಾರೀಖಿಗೆ ರಿನ್ಯೂ ಆಗುವ ಪ್ಲಾನನ್ನೂ ಇಡಬೇಕು ಎಂದು. ಕಂಪನಿಗಳು ಇಟ್ಟಿವೆ. ಆದರೆ ಆಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಅಲ್ಲ.

ಒಂದು ನಿಜವಾದ ಲೆಕ್ಕ ನೋಡಿ. 2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿ ಮೂರೂ ದರ ಏರಿಸಿದವು. ಆಗ ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 28 ದಿನದ ಪ್ಲಾನ್ 299 ರೂಪಾಯಿ ಆಯಿತು. ಅಷ್ಟೇ ಡೇಟಾ ಇರುವ, ಪೂರ್ತಿ ಕ್ಯಾಲೆಂಡರ್ ತಿಂಗಳ ಪ್ಲಾನ್ 319 ರೂಪಾಯಿ. ಸುಮ್ನೆ ನೋಡಿದರೆ 299 ಅಗ್ಗ ಅಲ್ವಾ? ಈಗ ವರ್ಷಕ್ಕೆ ಲೆಕ್ಕ ಹಾಕಿ. 299 ಗುಣಿಸು 13 ಎಂದರೆ 3,887. 319 ಗುಣಿಸು 12 ಎಂದರೆ 3,828. ಇಪ್ಪತ್ತು ರೂಪಾಯಿ ಜಾಸ್ತಿ ಕಾಣುವ ಪ್ಲಾನೇ ವರ್ಷಕ್ಕೆ 59 ರೂಪಾಯಿ ಕಮ್ಮಿ. ಮೇಲಾಗಿ ಪ್ರತಿ ತಿಂಗಳು ಒಂದೇ ತಾರೀಖು. ನೆನಪಿಡಲು ಸುಲಭ.

ಅದೇ ಹೊತ್ತಿನ ಜಿಯೋದ ಇನ್ನೊಂದು ಸಾಲು, ದಿನಕ್ಕೆ 2 ಜಿಬಿ ಆಸುಪಾಸಿನ ಪ್ಲಾನ್‌ಗಳು:

- 349 ರೂಪಾಯಿ, 28 ದಿನ, ದಿನಕ್ಕೆ 2 ಜಿಬಿ: ದಿನಕ್ಕೆ 12 ರೂಪಾಯಿ 46 ಪೈಸೆ
- 859 ರೂಪಾಯಿ, 84 ದಿನ, ದಿನಕ್ಕೆ 2 ಜಿಬಿ: ದಿನಕ್ಕೆ 10 ರೂಪಾಯಿ 23 ಪೈಸೆ
- 3,599 ರೂಪಾಯಿ, 365 ದಿನ, ದಿನಕ್ಕೆ 2.5 ಜಿಬಿ: ದಿನಕ್ಕೆ 9 ರೂಪಾಯಿ 86 ಪೈಸೆ

28 ದಿನದ್ದನ್ನು ಹದಿಮೂರು ಸಲ ಹಾಕಿಸಿದರೆ 4,537 ರೂಪಾಯಿ. ವರ್ಷದ ಪ್ಲಾನಿಗಿಂತ 938 ರೂಪಾಯಿ ಜಾಸ್ತಿ. ಹಾಗಂತ ವರ್ಷದ್ದನ್ನೇ ಹಾಕಿಸಿ ಎಂದು ನಾನು ಹೇಳುವುದಿಲ್ಲ. 28 ದಿನದಿಂದ 84 ದಿನಕ್ಕೆ ಹೋದಾಗ ದಿನಕ್ಕೆ ಎರಡೂಕಾಲು ರೂಪಾಯಿ ಇಳಿಯಿತು. 84ರಿಂದ ವರ್ಷಕ್ಕೆ ಹೋದರೆ ಇಳಿಯುವುದು 37 ಪೈಸೆ. ಆ 37 ಪೈಸೆಗೆ ಒಂದು ವರ್ಷ ಒಂದೇ ಕಂಪನಿಗೆ ಕಟ್ಟು ಬೀಳಬೇಕು. ಮಧ್ಯದಲ್ಲಿ ನೆಟ್‌ವರ್ಕ್ ಹದಗೆಟ್ಟು ಬೇರೆ ಕಂಪನಿಗೆ ಹೋದರೆ ಉಳಿದ ದುಡ್ಡು ವಾಪಸ್ ಬರುವುದಿಲ್ಲ. ನನ್ನ ಮಟ್ಟಿಗೆ 84 ದಿನದ್ದೇ ಹದ. ದರ ಏರುತ್ತದೆ ಎಂದು ಕಂಪನಿ ಘೋಷಿಸಿ, ಜಾರಿಗೆ ಇನ್ನೂ ನಾಲ್ಕೈದು ದಿನ ಇದ್ದಾಗ ಮಾತ್ರ ವರ್ಷದ್ದನ್ನು ಹಾಕಿಸಿಬಿಡುವುದು ಜಾಣತನ.

ದರಗಳು ನೀವು ಓದುವ ಹೊತ್ತಿಗೆ ಬದಲಾಗಿರಬಹುದು. ಆದರೆ ಭಾಗಾಕಾರ ಬದಲಾಗುವುದಿಲ್ಲ.

ಇಲ್ಲೊಂದು ಬಲೆಯೂ ಇದೆ. ಅಂಗಡಿಯವರು, ಆಪ್‌ಗಳು 'ಒಂದು ಜಿಬಿಗೆ ಎಷ್ಟು ಕಮ್ಮಿ ಬೀಳುತ್ತದೆ ನೋಡಿ' ಎನ್ನುತ್ತವೆ. ಮದುವೆ ಮನೆಯಲ್ಲಿ ಎಲೆ ತುಂಬ ಬಡಿಸಿದ್ದೆಲ್ಲ ನಾವು ತಿಂದಂತೆ ಆಗುತ್ತದೆಯೇ? ಹಾಕಿಸಿದ ಜಿಬಿಯಿಂದ ಭಾಗಿಸಬೇಡಿ. ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ, ನೀವು ನಿಜವಾಗಿ ಬಳಸುವ ಜಿಬಿಯಿಂದ ಭಾಗಿಸಿ.

ಹೆಜ್ಜೆ 3: ನಿಮಗೆ ಬೇಡದ್ದನ್ನು ತೆಗೆಯಿರಿ

ಅಮ್ಮ, ಅಪ್ಪನಂಥವರಿಗೆ ಇದು ಮುಖ್ಯ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇನ್ನೊಂದು ನಿಯಮ ತಂದಿತು. ನೆಟ್ ಬೇಡದವರಿಗೆ ಕೇವಲ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಲಾನ್ ಕೊಡಲೇಬೇಕು ಎಂದು. ಇಂಥ ವೋಚರ್‌ಗಳ ಗರಿಷ್ಠ ಅವಧಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಅದಾದ ಮೇಲೆ, 2025ರ ಜನವರಿಯಲ್ಲಿ ಕಂಪನಿಗಳು ಮಾತಿನ ಪ್ಲಾನ್ ಬಿಟ್ಟವು. ಏರ್‌ಟೆಲ್‌ನದು ಆಗ 84 ದಿನಕ್ಕೆ 469 ರೂಪಾಯಿ. ಜಿಯೋದ್ದು 448. ದಿನಕ್ಕೆ ಐದೂವರೆ ರೂಪಾಯಿ ಆಸುಪಾಸು. ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಪ್ಪನಿಗೆ ನಾನು 2 ಜಿಬಿಯ ಪ್ಯಾಕ್ ಹಾಕಿಸಿ ಹಾಕಿಸಿ ಎಷ್ಟು ವರ್ಷ ಕಳೆದೆನೋ!

ಆದರೆ ಅಮ್ಮನಿಗೆ ಅದು ಆಗಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮೊಮ್ಮಗಳ ಫೋಟೊ ಬರಬೇಕು. ಮಾತಿನ ಪ್ಲಾನಿನಲ್ಲಿ ಒಂದು ಎಂಬಿಯೂ ಇರುವುದಿಲ್ಲ. ಇಂಥವರಿಗೆ ದಿನದ ಲೆಕ್ಕವಿಲ್ಲದೆ, ಪೂರ್ತಿ ಅವಧಿಗೆ ಒಟ್ಟಾಗಿ ಇಷ್ಟು ಜಿಬಿ ಎಂದು ಕೊಡುವ ಪ್ಲಾನ್ ಹುಡುಕಿ. ಅವು ಆಪ್‌ನಲ್ಲಿ 'ಪಾಪ್ಯುಲರ್', 'ರೆಕಮೆಂಡೆಡ್' ಎಂಬ ಮೊದಲ ಸಾಲಿನಲ್ಲಿ ಇರುವುದಿಲ್ಲ. 'ವ್ಯಾಲ್ಯೂ', 'ಅಫೋರ್ಡಬಲ್' ಎಂಬಂಥ ಹೆಸರಿನ ಕೊನೆಯ ಟ್ಯಾಬಿನಲ್ಲಿ ಸಿಕ್ಕೀತು. ಬೆರಳು ನೋಯುವವರೆಗೆ ಪಕ್ಕಕ್ಕೆ ಸರಿಸಿ.

5ಜಿಯ ಮಾತೂ ಇಲ್ಲಿಗೇ ಬರುತ್ತದೆ. 2024ರ ಏರಿಕೆಯ ಹೊತ್ತಿನಲ್ಲಿ ಜಿಯೋ, ಏರ್‌ಟೆಲ್ ಎರಡೂ 'ಅನ್‌ಲಿಮಿಟೆಡ್ 5ಜಿ'ಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಜಾಸ್ತಿಯ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಹಾಗಾಗಿ 1.5ರಿಂದ 2 ಜಿಬಿಗೆ ಏರಲು ಕೊಡುವ ಹೆಚ್ಚಿನ ಕಾಸು ನಿಜಕ್ಕೂ 5ಜಿಗೆ ಕೊಡುವ ಕಾಸು. ನಿಮ್ಮ ಫೋನ್ 5ಜಿಯದ್ದೇ? ಊರಲ್ಲಿ 5ಜಿ ಸಿಗುತ್ತದೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಆ ಪ್ಲಾನ್ ಲಾಭದ್ದೇ. ಒಂದಕ್ಕೆ ಇಲ್ಲ ಎಂದರೂ ಬೇಡ.

ಪ್ಲಾನ್ ಜೊತೆ ಬರುವ ಸಿನಿಮಾ, ಕ್ರಿಕೆಟ್ ಆಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ವಿಷಯ ನೋಡಿದರೆ ಸಾಕು. ಅದು ಮೊಬೈಲಿನಲ್ಲಿ ಮಾತ್ರವೋ, ಟಿವಿಯಲ್ಲೂ ಬರುತ್ತದೆಯೋ? ಪ್ಲಾನ್ 84 ದಿನ ಇದ್ದರೆ ಆಪ್ ಎಷ್ಟು ದಿನ?

ಹೆಜ್ಜೆ 4: ಸಣ್ಣಕ್ಷರದಲ್ಲಿ ಈ ಪದಗಳನ್ನು ಹುಡುಕಿ

ಪ್ಲಾನಿನ ಪಕ್ಕ 'ವ್ಯೂ ಡೀಟೇಲ್ಸ್' ಎಂದು ಇರುತ್ತದೆ. ಅದನ್ನು ತೆರೆದವರು ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಇರಲಿಲ್ಲ.

'64 ಕೆಬಿಪಿಎಸ್': ದಿನದ ಡೇಟಾ ಮುಗಿದ ಮೇಲೆ ಸಿಗುವ ವೇಗ ಇದು. ನೆಟ್ ಪೂರ್ತಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನೂ 'ಅನ್‌ಲಿಮಿಟೆಡ್' ಎನ್ನುತ್ತಾರೆ. ಈ ವೇಗದಲ್ಲಿ ಸೆಕೆಂಡಿಗೆ 8 ಕಿಲೋಬೈಟ್ ಇಳಿಯುತ್ತದೆ. 3 ಎಂಬಿಯ ಒಂದು ಫೋಟೊ ಬರಲು ಆರು ನಿಮಿಷಕ್ಕಿಂತ ಜಾಸ್ತಿ. ವಾಟ್ಸ್ಆ್ಯಪ್‌ನಲ್ಲಿ ಬರೀ ಅಕ್ಷರ ಕಳಿಸಲು ಪರವಾಗಿಲ್ಲ. ಬಸ್ಸಿನಲ್ಲಿ ಟಿಕೆಟ್‌ಗೆ ಯುಪಿಐ ಮಾಡಲು ಹೋದರೆ ಕಂಡಕ್ಟರ್ ಬೈಯುತ್ತಾರೆ.

ಆಗ ನಾವು ಟಾಪ್‌ಅಪ್ ಡೇಟಾ ಹಾಕಿಸುತ್ತೇವೆ. ಒಂದು ಜಿಬಿಗೆ 20 ರೂಪಾಯಿ ಆಸುಪಾಸು. ಅದರ ಅವಧಿ ನೋಡಿ. ಕೆಲವು ದಿನ ನಡೆಯುವ ಪ್ಯಾಕ್ ಒಂದು, ಅವತ್ತೇ ಮುಗಿಯುವ ಪ್ಯಾಕ್ ಇನ್ನೊಂದು. ತಿಂಗಳಿಗೆ ಮೂರಕ್ಕಿಂತ ಜಾಸ್ತಿ ಸಲ ಇದನ್ನು ಹಾಕಿಸುತ್ತಿದ್ದರೆ ಮೇನ್ ಪ್ಲಾನೇ ತಪ್ಪು ಆರಿಸಿದ್ದೀರಿ ಎಂದು ತಿಳಿಯಿರಿ.

'100 ಎಸ್ಸೆಮ್ಮೆಸ್': ದಿನಕ್ಕೆ ನೂರೋ, ಪೂರ್ತಿ ಅವಧಿಗೆ ಇಷ್ಟೋ ಎಂದು ನೋಡಿ. ಮಿತಿ ಮೀರಿದರೆ ಸಾಮಾನ್ಯವಾಗಿ ಲೋಕಲ್ ಮೆಸೇಜಿಗೆ 1 ರೂಪಾಯಿ, ಎಸ್‌ಟಿಡಿಗೆ ಒಂದೂವರೆ ರೂಪಾಯಿ ಮೇನ್ ಬ್ಯಾಲೆನ್ಸ್‌ನಿಂದ ಹೋಗುತ್ತದೆ. ಈಗ ಯಾರು ಎಸ್ಸೆಮ್ಮೆಸ್ ಕಳಿಸುತ್ತಾರೆ ಎನ್ನಬೇಡಿ. ಹೊಸ ಫೋನಿನಲ್ಲಿ ಯುಪಿಐ ಆಪ್ ಹಾಕಿದಾಗ ನಿಮ್ಮ ನಂಬರಿನಿಂದ ತಾನಾಗಿ ಒಂದು ಮೆಸೇಜ್ ಹೊರಗೆ ಹೋಗಬೇಕು. ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲ, ಬ್ಯಾಲೆನ್ಸೂ ಇಲ್ಲ ಎಂದರೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಬ್ಯಾಂಕನ್ನು ಬೈದುಕೊಂಡು ಅರ್ಧ ದಿನ ಕಳೆಯುತ್ತೇವೆ.

ಇನ್ನು 'ಅನ್‌ಲಿಮಿಟೆಡ್ ಕಾಲ್'. ಅದು ದೇಶದೊಳಗಿನ ಮಾಮೂಲಿ ನಂಬರ್‌ಗಳಿಗೆ. 1800ರಿಂದ ಶುರುವಾಗುವುದು ಟೋಲ್‌ಫ್ರೀ. 1860ರಿಂದ ಶುರುವಾಗುವುದು ಟೋಲ್‌ಫ್ರೀ ಅಲ್ಲ. ನೋಡಲು ಅಣ್ಣತಮ್ಮಂದಿರ ಹಾಗಿವೆ, ಅಷ್ಟೇ.

ಹೆಜ್ಜೆ 5: ಮೇನ್ ಬ್ಯಾಲೆನ್ಸ್ ತಿನ್ನುವವರನ್ನು ಹಿಡಿಯಿರಿ

ಅಮ್ಮನ ನೂರು ರೂಪಾಯಿಯ ಕಥೆಗೆ ಈಗ ಬರೋಣ. ಟಾಪ್‌ಅಪ್ ಹಾಕಿದ ಕೂಡಲೇ ಬಾಗಿಲಲ್ಲೇ ಎರಡು ಕಡಿತ. 100 ರೂಪಾಯಿಯಲ್ಲಿ ಶೇ. 18 ಜಿಎಸ್‌ಟಿಯ ಪಾಲು 15 ರೂಪಾಯಿ 25 ಪೈಸೆ. ಆಮೇಲೆ ಪ್ರೊಸೆಸಿಂಗ್ ಫೀ. ಅದು ಟಾಪ್‌ಅಪ್ ಬೆಲೆಯ ಶೇ. 10 ಅಥವಾ 3 ರೂಪಾಯಿ, ಯಾವುದು ಕಮ್ಮಿಯೋ ಅದು. ಹೀಗೆ ಕೈಗೆ ಬರುವುದು 81 ರೂಪಾಯಿ 75 ಪೈಸೆ. 10 ರೂಪಾಯಿ ಹಾಕಿದರೆ ಬರುವುದು 7 ರೂಪಾಯಿ 47 ಪೈಸೆ. ಇದು ಮೋಸವಲ್ಲ, ನಿಯಮದಲ್ಲೇ ಇದೆ. ಆದರೆ ಹತ್ತು ಹತ್ತು ರೂಪಾಯಿ ಹತ್ತು ಸಲ ಹಾಕಿಸಿದರೆ ಒಂದೇ ಸಲ ನೂರು ಹಾಕಿಸಿದ್ದಕ್ಕಿಂತ 7 ರೂಪಾಯಿ ನಷ್ಟ ಎಂದು ತಿಳಿದಿರಲಿ.

ಹಾಗಾದರೆ 81.75 ಹೇಗೆ 45 ಆಯಿತು? 36 ರೂಪಾಯಿ ಒಂದು ಕಾಲರ್ ಟ್ಯೂನಿಗೆ ಹೋಗಿತ್ತು. ಪರದೆಯ ಮೇಲೆ ತಾನಾಗಿ ಮೂಡುವ ಚೌಕವೊಂದರಲ್ಲಿ ಅಮ್ಮ 'ಓಕೆ' ಒತ್ತಿದ್ದರು. ಅದು ಇಂಗ್ಲಿಷಿನಲ್ಲಿತ್ತು. ಮುಚ್ಚಲಿ ಎಂದು ಒತ್ತಿದ್ದು.

ಕಾಲರ್ ಟ್ಯೂನ್, ಜಾತಕ, ಕ್ರಿಕೆಟ್ ಸ್ಕೋರ್, ಗೇಮ್ಸ್, ಇವನ್ನೆಲ್ಲ ವ್ಯಾಲ್ಯೂ ಆಡೆಡ್ ಸರ್ವಿಸ್ ಎನ್ನುತ್ತಾರೆ. ಟ್ರಾಯ್ ನಿಯಮದ ಪ್ರಕಾರ ಇವನ್ನು ಹಾಕುವ ಮೊದಲು ಎರಡು ಸಲ ಒಪ್ಪಿಗೆ ಪಡೆಯಬೇಕು. ತೆಗೆಸಲು ಎಲ್ಲ ಕಂಪನಿಗಳಿಗೂ ಒಂದೇ ನಂಬರ್ ಇದೆ: 155223. ಕರೆ ಮಾಡಬಹುದು, ಅಥವಾ ಸ್ಟಾಪ್ ಎಂದು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಬಹುದು. ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಹಾಕಿದ್ದರೆ 24 ಗಂಟೆಯೊಳಗೆ ಕೇಳಿ, ಕಾಸು ವಾಪಸ್ ಬರಬೇಕು. ಊರಿಗೆ ಹೋದಾಗ ಹಿರಿಯರ ಫೋನಿನಿಂದ ಈ ಒಂದು ಮೆಸೇಜ್ ಕಳಿಸಿ ನೋಡಿ. ಏನೇನು ಚಾಲ್ತಿಯಲ್ಲಿದೆ ಎಂದು ಉತ್ತರ ಬರುತ್ತದೆ. ಅಚ್ಚರಿಗೆ ತಯಾರಾಗಿರಿ.

ಮೇನ್ ಬ್ಯಾಲೆನ್ಸ್ ಸುಮ್ನೆ ಇಟ್ಟರೆ ತಿನ್ನಲು ಯಾರಾದರೂ ಬರುತ್ತಾರೆ. ಈಗ ನಾನು ಇಪ್ಪತ್ತು ಮೂವತ್ತಕ್ಕಿಂತ ಜಾಸ್ತಿ ಇಡುವುದೇ ಇಲ್ಲ.

ಯುಪಿಐ ಆಟೋಪೇ ಬಗ್ಗೆ ಒಂದು ಮಾತು. ಉಚಿತ ಟ್ರಯಲ್ ಎಂದು ಒಪ್ಪಿದ ಆಪ್‌ಗಳು ಆಮೇಲೆ ಖಾತೆಯಿಂದಲೇ ಎಳೆಯುತ್ತವೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜ್ ಓದಿ. ಪೇಮೆಂಟ್ ಆಪ್‌ನಲ್ಲಿ 'ಆಟೋಪೇ' ಎಂಬ ಜಾಗಕ್ಕೆ ಹೋಗಿ ಬೇಡದ್ದನ್ನು ರದ್ದು ಮಾಡಿ.

ಹೆಜ್ಜೆ 6: ನೆಟ್‌ವರ್ಕ್ ಇಲ್ಲದಿದ್ದರೆ ಎಲ್ಲ ಪ್ಲಾನೂ ದುಬಾರಿಯೇ

ನಮ್ಮೂರಿನಲ್ಲಿ ಮೂರು ಕಂಪನಿಯ ಸಿಮ್ ಇಟ್ಟುಕೊಂಡು, ಒಂದನ್ನು ಅಂಗಳದಲ್ಲಿ, ಒಂದನ್ನು ತೋಟದ ದಿಬ್ಬದಲ್ಲಿ ಬಳಸುವವರಿದ್ದಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಅಡ್ಡ ಬಂದರೆ ಟವರ್ ಎರಡು ಕಿಲೋಮೀಟರ್ ದೂರದಲ್ಲಿದ್ದರೂ ಇಲ್ಲದ ಹಾಗೆ.

2024ರ ಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಮೊದಲು ಅದನ್ನು ನೋಡಿ. ಆಮೇಲೆ ನಂಬಬೇಡಿ. ನಕ್ಷೆಯಲ್ಲಿ ಬಣ್ಣ ಇದ್ದ ಮಾತ್ರಕ್ಕೆ ಹೆಂಚಿನ ಮನೆಯ ಒಳಕೋಣೆಯಲ್ಲಿ ಸಿಗ್ನಲ್ ಇದೆ ಎಂದಲ್ಲ. ಆ ಕಂಪನಿಯ ಸಿಮ್ ಇರುವ ಅಕ್ಕಪಕ್ಕದವರನ್ನು ಮನೆಗೆ ಕಾಫಿಗೆ ಕರೆಯಿರಿ. ಅವರ ಫೋನಿನಲ್ಲಿ ಅಡುಗೆಮನೆಯಿಂದ ಒಂದು ವಿಡಿಯೋ ಕಾಲ್ ಮಾಡಿಸಿ. ಸಂಜೆ ಏಳರಿಂದ ಒಂಬತ್ತರ ನಡುವೆ ಮಾಡಿಸಿದರೆ ಇನ್ನೂ ಒಳ್ಳೆಯದು, ಎಲ್ಲರೂ ನೆಟ್ ಬಳಸುವ ಹೊತ್ತದು.

ಇನ್ನೊಂದು: ಪ್ಲಾನ್ ಪಟ್ಟಿ ಟೆಲಿಕಾಂ ಸರ್ಕಲ್‌ಗೆ ತಕ್ಕಂತೆ ಬದಲಾಗಬಹುದು. ಹೋಲಿಸುವಾಗ ಕರ್ನಾಟಕ ಎಂದು ಆರಿಸಿ. ಕಾಸರಗೋಡಿನವರು ಕೇರಳ, ಹೊಸೂರಿನವರು ತಮಿಳುನಾಡು ಸರ್ಕಲ್‌ಗೆ ಸೇರುತ್ತಾರೆ. ಎಲ್ಲ ಕಂಪನಿಗಳ ಪ್ಲಾನನ್ನು ಒಂದೇ ಕಡೆ ನೋಡಲು ಟ್ರಾಯ್ ಒಂದು ಟ್ಯಾರಿಫ್ ಪೋರ್ಟಲ್ ಇಟ್ಟಿದೆ. ನೋಡಲು ಚೆಂದವಿಲ್ಲ, ಆದರೆ ಜಾಹೀರಾತಿಲ್ಲ.

ಹೆಜ್ಜೆ 7: ದುಡ್ಡು ಕಟ್ಟುವ ಜಾಗ

ಕೆಲವು ಪೇಮೆಂಟ್ ಆಪ್‌ಗಳು ರೀಚಾರ್ಜ್‌ಗೆ ಒಂದರಿಂದ ಮೂರು ರೂಪಾಯಿ 'ಪ್ಲಾಟ್‌ಫಾರ್ಮ್ ಫೀ' ಅಥವಾ 'ಕನ್ವೀನಿಯನ್ಸ್ ಫೀ' ಸೇರಿಸುತ್ತವೆ. ಕಂಪನಿಯದೇ ಆಪ್ ಅಥವಾ ವೆಬ್‌ಸೈಟ್‌ನಲ್ಲಿ ಯುಪಿಐ ಮೂಲಕ ಕಟ್ಟಿ ನೋಡಿ, ಆ ಕಾಸು ಉಳಿದೀತು. ಕಟ್ಟುವ ಮುಂಚೆ ಕೊನೆಯ ಪರದೆಯಲ್ಲಿ ಮೊತ್ತ ಎಷ್ಟಿದೆ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹಳೇ ಪ್ಲಾನ್ ಮುಗಿಯುವ ಮುಂಚೆಯೇ ಹಾಕಿಸುತ್ತಿದ್ದರೆ, ಹೊಸದು ಸರತಿಯಲ್ಲಿ ನಿಲ್ಲುತ್ತದೋ, ಕೂಡಲೇ ಶುರುವಾಗಿ ಹಳೆಯದನ್ನು ನುಂಗುತ್ತದೋ ಎಂದೂ ನೋಡಿ.

ಪೋಸ್ಟ್‌ಪೇಯ್ಡ್ ಯೋಚಿಸುತ್ತಿದ್ದರೆ

ಪ್ರೀಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್ ಜಾಹೀರಾತಿನ ಬೆಲೆಯಲ್ಲಿ ಸೇರಿರುವುದಿಲ್ಲ. 449 ರೂಪಾಯಿ ಪ್ಲಾನ್ ಎಂದರೆ ಬಿಲ್ಲು 529 ರೂಪಾಯಿ 82 ಪೈಸೆ. 449ನ್ನು ಪ್ರೀಪೇಯ್ಡ್ 449ರ ಪಕ್ಕ ಇಟ್ಟು ಹೋಲಿಸುವುದು ತಪ್ಪು ಲೆಕ್ಕ. ಮೊದಲು 1.18ರಿಂದ ಗುಣಿಸಿ, ಆಮೇಲೆ 30ರಿಂದ ಭಾಗಿಸಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ಬಿಲ್ಲು ತಡವಾದರೆ ದಂಡ ಎಷ್ಟು? ಡೇಟಾ ಮುಗಿದ ಮೇಲೆ ವೇಗ ಇಳಿಯುತ್ತದೋ, ಮೀಟರ್ ಓಡುತ್ತದೋ? ಮನೆಯವರ ನಂಬರ್ ಸೇರಿಸಿದರೆ ಒಂದೊಂದಕ್ಕೆ ಎಷ್ಟು? ನಾಲ್ಕು ಜನರ ಮನೆಗೆ ಫ್ಯಾಮಿಲಿ ಪ್ಲಾನ್ ಹೊಂದೀತು. ಒಬ್ಬರೇ ಇದ್ದರೆ ನನಗೆ ಅದರಲ್ಲಿ ಅರ್ಥ ಕಾಣುವುದಿಲ್ಲ.

ವಿದೇಶದಲ್ಲಿದ್ದು ಊರಿನ ನಂಬರ್ ಉಳಿಸಿಕೊಳ್ಳುವವರಿಗೆ

ದುಬೈಯಲ್ಲಿರುವ ಮಂಗಳೂರಿನವರಿಗೆ, ಅಮೆರಿಕದಲ್ಲಿರುವ ಶಿವಮೊಗ್ಗದವರಿಗೆ ಬ್ಯಾಂಕ್ ಓಟಿಪಿಗಾಗಿ ಇಲ್ಲಿನ ನಂಬರ್ ಬೇಕೇ ಬೇಕು. 90 ದಿನ ಕರೆ, ಮೆಸೇಜ್, ಡೇಟಾ ಯಾವುದೂ ಇಲ್ಲದಿದ್ದರೆ ಪ್ರೀಪೇಯ್ಡ್ ನಂಬರ್ ರದ್ದಾಗಬಹುದು. ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದೂಡಬೇಕು ಎಂಬ ನಿಯಮ 2013ರಿಂದಲೂ ಇದೆ. ಆದರೆ ನಂಬರ್ ಉಳಿಯುವುದು ಬೇರೆ, ಓಟಿಪಿ ಬರುವುದು ಬೇರೆ. ಪ್ಲಾನ್ ಮುಗಿದು ಕೆಲವು ದಿನವಾದರೆ ಇನ್‌ಕಮಿಂಗ್ ನಿಲ್ಲಿಸುತ್ತಾರೆ. ಅದಕ್ಕೇ ಇಂಥವರಿಗೆ ವರ್ಷದ ಮಾತಿನ ಪ್ಲಾನ್ ಒಳ್ಳೆಯ ದಾರಿ. ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ. ಪ್ಯಾಕ್ ಇಲ್ಲದೆ ಅಲ್ಲಿ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತದೆ.

ಹೆಜ್ಜೆ 8: ಕಂಪನಿ ಬದಲಿಸುವುದು

ನಂಬರ್ ಅದೇ ಇರಲಿ, ಕಂಪನಿ ಬದಲಾಗಲಿ ಎಂದರೆ ಪೋರ್ಟ್ ಮಾಡಿಸಬೇಕು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಸ್ಪೇಸ್ ಕೊಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೂ ಈ ಮೆಸೇಜ್ ಹೋಗಲು ಬಿಡಬೇಕು ಎಂದು 2021ರ ಡಿಸೆಂಬರ್‌ನಲ್ಲೇ ಟ್ರಾಯ್ ಹೇಳಿದೆ. ಎಂಟಕ್ಷರದ ಒಂದು ಕೋಡ್ ಬರುತ್ತದೆ. ನಮ್ಮ ಕಡೆ ಅದಕ್ಕೆ ನಾಲ್ಕು ದಿನ ಆಯುಷ್ಯ. ಆಧಾರ್ ಜೊತೆ ಹೊಸ ಕಂಪನಿಯ ಅಂಗಡಿಗೆ ಹೋಗಿ. ಒಂದೇ ಸರ್ಕಲ್ ಒಳಗಾದರೆ ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗಾದರೆ ಐದು.

ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಬಾಕಿ ತೀರಿಸಿರಬೇಕು. 2024ರ ಜುಲೈಯಿಂದ, ಸಿಮ್ ಕಳೆದೋ ಹಾಳಾಗಿಯೋ ಬದಲಿಸಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಉಳಿದ ಬ್ಯಾಲೆನ್ಸ್, ಉಳಿದ ದಿನ, ಎಲ್ಲ ಅಲ್ಲೇ ಬಿಟ್ಟು ಹೋಗಬೇಕು. ಆದ್ದರಿಂದ ಪ್ಲಾನ್ ಮುಗಿಯಲು ನಾಲ್ಕೈದು ದಿನ ಇದ್ದಾಗ ಶುರು ಮಾಡಿ. ಕೋಡ್ ತೆಗೆದ ಮೇಲೆ ಹಳೇ ಕಂಪನಿಯವರು ಫೋನ್ ಮಾಡಿ ಆಪ್‌ನಲ್ಲಿ ಕಾಣದ ಕಮ್ಮಿ ದರ ಹೇಳುವುದುಂಟು. ನನಗೂ ಒಮ್ಮೆ ಹೇಳಿದರು. ಮೊದಲೇ ಯಾಕೆ ಕೊಡಲಿಲ್ಲ ಎಂದು ಕೇಳಿದ್ದಕ್ಕೆ ಆ ಹುಡುಗಿ ನಕ್ಕಳು.

ಹೆಜ್ಜೆ 9: ಕಾಸು ಹೋಗಿದ್ದರೆ ಕೇಳುವುದು ಹೇಗೆ

198ಕ್ಕೆ ಕರೆ ಮಾಡಿ ದೂರು ಕೊಡಿ. ದೂರಿನ ನಂಬರ್ ಮೆಸೇಜಿನಲ್ಲಿ ಬರುವವರೆಗೆ ಫೋನ್ ಇಡಬೇಡಿ. ಆ ನಂಬರ್ ಇಲ್ಲದಿದ್ದರೆ ನೀವು ದೂರು ಕೊಟ್ಟೇ ಇಲ್ಲ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ಟ್ರಾಯ್‌ಗೆ ನೇರವಾಗಿ ಬರೆದರೆ ಆಗುವುದಿಲ್ಲ, ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೊಬೈಲ್ ಕಂಪನಿ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿತು.

ಅಮ್ಮನ ಕೇಸಿನಲ್ಲಿ 24 ಗಂಟೆ ದಾಟಿತ್ತು. ಆದರೂ ದೂರು ಕೊಟ್ಟೆ. ಒಪ್ಪಿಗೆ ಪಡೆದ ದಾಖಲೆ ತೋರಿಸಿ ಎಂದು ಎರಡು ಸಲ ಕೇಳಿದೆ. ನಾಲ್ಕನೇ ದಿನ 36 ರೂಪಾಯಿ ಬ್ಯಾಲೆನ್ಸ್‌ಗೆ ವಾಪಸ್ ಬಂತು. ಖುಷಿಯಿಂದ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಡು ಪೂರ್ತಿ ತೆಗ್ಸಿಬಿಟ್ಯಾ? ನಿನ್ನ ಚಿಕ್ಕಮ್ಮ ಚೆನ್ನಾಗಿದೆ ಅಂದಿದ್ಲಲ್ಲ ಮಾರಾಯ."